‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’ ಅಲ್ಲ

ಪ್ರಶ್ನೆ: ನಾನು ಕಕ್ಕಬ್ಬೆ ಕಡೆ ಒಂದು ಹೋಂಸ್ಟೇ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ. ಮಾತಾಡುವಾಗ ಪಾಸ್ಟ್ ಟೆನ್ಸ್ ಬಂದರೆ ಮಾತ್ರ ತಡವರಿಸುತ್ತೇನೆ. ಮೊನ್ನೆ ಒಬ್ಬರು ಗೆಸ್ಟ್ ‘ವಾಟ್ ಡಿಡ್ ಯೂ ಡೂ ಯೆಸ್ಟರ್ಡೇ?’ ಅಂತ ಕೇಳಿದರು. ‘ಐ ಹ್ಯಾಡ್ ಗಾನ್ ಟು ಮಡಿಕೇರಿ’ ಅಂದೆ. ಅವರು ಇನ್ನೂ ಏನೋ ಹೇಳುತ್ತೇನೆ ಅಂತ ನನ್ನ ಮುಖ ನೋಡುತ್ತಾ ನಿಂತರು. ನನಗೆ ಹೇಳಲು ಬೇರೇನೂ ಇರಲಿಲ್ಲ. ಪುಸ್ತಕದ ಹನ್ನೆರಡು ಟೆನ್ಸೂ ಬಾಯಿಪಾಠ ಇವೆ, ಆದರೆ ಎಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? ನಾನು ದಿನಾ ಹೇಳುವ ನಾಲ್ಕು ವಾಕ್ಯ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ. ‘ಐ ಡಿಡಂಟ್ ವೆಂಟ್ ಟು ಮಾರ್ಕೆಟ್.’ ‘ದ ಗೆಸ್ಟ್ಸ್ ಹ್ಯಾವ್ ಕಮ್ ಯೆಸ್ಟರ್ಡೇ ನೈಟ್.’ ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್.’ ‘ಐ ಬಾರ್ನ್ ಇನ್ ನಾಪೋಕ್ಲು.’

ಉತ್ತರ: ಆ ಗೆಸ್ಟ್ ಯಾಕೆ ಕಾದು ನಿಂತರು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಅಲ್ಲಿಂದಲೇ ಶುರು ಮಾಡೋಣ.

ನಿನ್ನೆ ಏನು ಮಾಡಿದಿರಿ ಅಂತ ಯಾರಾದರೂ ಕನ್ನಡದಲ್ಲಿ ಕೇಳಿದರೆ ನಾವು ‘ಮಡಿಕೇರಿಗೆ ಹೋಗಿದ್ದೆ’ ಅನ್ನುತ್ತೇವೆ. ಮಾತು ಅಲ್ಲಿಗೆ ಮುಗಿಯಿತು. ಹೋದೆ, ಕೆಲಸ ಮುಗಿಸಿದೆ, ವಾಪಸ್ ಬಂದೆ, ಈಗ ಇಲ್ಲೇ ಇದ್ದೇನೆ, ಎಲ್ಲಾ ಆ ಒಂದು ಪದದಲ್ಲೇ ಬಂತು. ಅದೇ ಜಾಗದಲ್ಲಿ ‘ನಿನ್ನೆ ಮಡಿಕೇರಿಗೆ ಹೋದೆ’ ಅಂದು ನೋಡಿ. ಎದುರಿಗೆ ಇರುವವರು ‘ಹ್ಞೂಂ, ಆಮೇಲೆ?’ ಅನ್ನುತ್ತಾರೆ. ಯಾಕೆಂದರೆ ಕನ್ನಡದಲ್ಲಿ ‘ಹೋದೆ’ ಅಂದರೆ ಒಂದು ಕಥೆ ಶುರುವಾದ ಹಾಗೆ. ಹೋದೆ, ಅಲ್ಲಿ ಹಳೇ ಗೆಳತಿ ಸಿಕ್ಕಿದಳು, ಕಾಫಿ ಕುಡಿದೆವು, ಹೀಗೆ.

ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುಗುಮುರುಗು. ‘ಐ ವೆಂಟ್ ಟು ಮಡಿಕೇರಿ’ ಅಂದರೆ ಮಾತು ಮುಗಿಯಿತು. ‘ಐ ಹ್ಯಾಡ್ ಗಾನ್ ಟು ಮಡಿಕೇರಿ’ ಅಂದರೆ ಅವರ ಕಿವಿಗೆ ಅರ್ಧ ವಾಕ್ಯ ಬಿದ್ದಂತೆ. ಹೋಗಿದ್ದೆ, ಅಷ್ಟರಲ್ಲಿ ಏನಾಯಿತು? ಅದನ್ನು ಕೇಳಲು ಅವರು ಕಾದರು, ಅಷ್ಟೇ. ನಿಮ್ಮನ್ನು ಅಳೆಯುತ್ತಿರಲಿಲ್ಲ.

ಈ ತಪ್ಪು ನಿಮ್ಮೊಬ್ಬರದ್ದಲ್ಲ. ನಾನು ಓದಿದ ಶಾಲೆಯಲ್ಲಿ ನೋಟ್‌ಬುಕ್ಕಿಗೆ ಎರಡು ಗೆರೆ ಎಳೆಸಿ, ಒಂದು ಕಡೆ ‘ವೆಂಟ್, ಹ್ಯಾವ್ ಗಾನ್, ಹ್ಯಾಡ್ ಗಾನ್’, ಇನ್ನೊಂದು ಕಡೆ ‘ಹೋದೆನು, ಹೋಗಿದ್ದೇನೆ, ಹೋಗಿದ್ದೆನು’ ಅಂತ ಬರೆಸಿದ್ದರು. ನೋಡಲು ಜೋಡಿ ಸರಿಯಾಗಿಯೇ ಇದೆ. ಆದರೆ ಬಳಕೆ ಬೇರೆ ಅಂತ ಯಾರೂ ಹೇಳಲಿಲ್ಲ. ಆ ಪಟ್ಟಿಯನ್ನು ತಲೆಯಿಂದ ಕಳಚಿಕೊಳ್ಳಲು ನನಗೆ ವರ್ಷಗಳೇ ಹಿಡಿದವು, ಮಡಿಕೇರಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸಲು ಶುರು ಮಾಡಿದ ಮೇಲೂ ಪ್ರತಿ ಬ್ಯಾಚಿನಲ್ಲಿ ಅದೇ ಪಟ್ಟಿ ಹೊತ್ತು ಬಂದವರನ್ನೇ ನೋಡಿದ್ದೇನೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು.

ಹಾಗಾದರೆ ‘ಹ್ಯಾಡ್’ ಬೇಡವೇ ಬೇಡವಾ? ಬೇಕು. ಎರಡು ಘಟನೆ ಇದ್ದಾಗ, ಯಾವುದು ಮೊದಲು ಅಂತ ತೋರಿಸಲು ಬೇಕು. 2018ರ ಆಗಸ್ಟ್ ಮಳೆಯ ಬಗ್ಗೆ ಗೆಸ್ಟುಗಳು ನಿಮ್ಮನ್ನು ಕೇಳಿಯೇ ಇರುತ್ತಾರೆ. ಆಗ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜಾರಿ ಮಡಿಕೇರಿ–ಮಂಗಳೂರು ರಸ್ತೆ ಕಡಿದುಹೋಗಿತ್ತಲ್ಲ, ಅದನ್ನು ಹೇಳುವಾಗ ಈ ಎರಡು ವಾಕ್ಯ ನೋಡಿ. ‘ವೆನ್ ವಿ ರೀಚ್ಟ್ ದ ಪ್ಲೇಸ್, ದ ರೋಡ್ ಕೊಲ್ಯಾಪ್ಸ್ಟ್.’ ‘ವೆನ್ ವಿ ರೀಚ್ಟ್ ದ ಪ್ಲೇಸ್, ದ ರೋಡ್ ಹ್ಯಾಡ್ ಕೊಲ್ಯಾಪ್ಸ್ಟ್.’ ಮೊದಲನೆಯದರಲ್ಲಿ ನಾವು ತಲುಪಿದ ಹೊತ್ತಿಗೇ, ಕಣ್ಣೆದುರೇ ರಸ್ತೆ ಕುಸಿಯಿತು. ಎರಡನೆಯದರಲ್ಲಿ ನಾವು ತಲುಪುವಾಗಲೇ ಅದು ಕುಸಿದಿತ್ತು. ಒಂದು ‘ಹ್ಯಾಡ್’ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಒಂದರಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಓಡಬೇಕು, ಇನ್ನೊಂದರಲ್ಲಿ ಗಾಡಿ ತಿರುಗಿಸಿ ವಾಪಸ್ ಬರಬೇಕು.

ಗಮನಿಸಿ, ಇಲ್ಲಿ ಕನ್ನಡವೂ ಹಾಗೆಯೇ ಹೇಳುತ್ತದೆ: ಕುಸಿಯಿತು, ಕುಸಿದಿತ್ತು. ಎರಡು ಘಟನೆ ಜೊತೆಗಿದ್ದಾಗ ನಿಮ್ಮ ಕನ್ನಡದ ಕಿವಿಯನ್ನು ನಂಬಿ, ಅದು ದಾರಿ ತಪ್ಪಿಸುವುದಿಲ್ಲ. ಒಂದೇ ಘಟನೆ ಇದ್ದಾಗ ಮಾತ್ರ ಅದು ಸುಮ್ನೆ ‘ಹ್ಯಾಡ್’ ತಂದು ಹಾಕುತ್ತದೆ. ನಿಮ್ಮ ಗೆಸ್ಟ್ ‘ನಾವು ನಿನ್ನೆ ಹತ್ತು ಗಂಟೆಗೆ ಬಂದೆವು, ನೀವು ಇರಲಿಲ್ಲ’ ಅಂದಿದ್ದರೆ ನಿಮ್ಮ ‘ಐ ಹ್ಯಾಡ್ ಗಾನ್ ಟು ಮಡಿಕೇರಿ’ ನೂರಕ್ಕೆ ನೂರು ಸರಿ. ಅವರು ಬಂದದ್ದು ಒಂದು ಘಟನೆ, ಅದಕ್ಕಿಂತ ಮೊದಲು ನೀವು ಹೋದದ್ದು ಇನ್ನೊಂದು. ಹಾಗಾಗಿ ‘ಹ್ಯಾಡ್’ ಬಾಯಿಗೆ ಬಂದಾಗ ಒಂದು ಕ್ಷಣ ಕೇಳಿಕೊಳ್ಳಿ: ಯಾವುದಕ್ಕಿಂತ ಮೊದಲು? ಉತ್ತರ ಇದ್ದರೆ ಹಾಕಿ. ಇಲ್ಲದಿದ್ದರೆ ಬಿಡಿ.

ಎಲ್ಲಿಂದ ಶುರು ಮಾಡಲಿ ಅಂದಿರಿ. ಹನ್ನೆರಡು ಟೆನ್ಸಿನ ಪುಟ ಮುಚ್ಚಿಡಿ. ಮೊದಲ ಮೂರು ತಿಂಗಳು ಸಿಂಪಲ್ ಪಾಸ್ಟ್ ಒಂದೇ ಸಾಕು. ವೆಂಟ್, ಕೇಮ್, ಸಾ, ಪಿಕ್ಟ್, ರೇನ್ಡ್. ನಡೆದದ್ದನ್ನು ನಡೆದ ಹಾಗೆ, ಒಂದಾದ ಮೇಲೊಂದು ಹೇಳುತ್ತಾ ಹೋದರೆ ‘ಹ್ಯಾಡ್’ ಇಲ್ಲದೆಯೇ ಇಡೀ ದಿನದ ಕಥೆ ಹೇಳಬಹುದು.

ಈಗ ಅದರ ರೂಪ. ಹೆಚ್ಚಿನ ಕ್ರಿಯಾಪದಗಳಿಗೆ ಕೊನೆಯಲ್ಲಿ ಇ-ಡಿ ಸೇರಿಸಿದರೆ ಆಯಿತು. ಬರೆಯುವುದು ಸುಲಭ, ಹೇಳುವುದರಲ್ಲೇ ತೊಂದರೆ. ಏಕೆಂದರೆ ಆ ಇ-ಡಿಗೆ ಮೂರು ಉಚ್ಚಾರ ಇವೆ, ನಾವು ಮೂರಕ್ಕೂ ‘ಎಡ್’ ಅಂದುಬಿಡುತ್ತೇವೆ: ಪಿಕೆಡ್, ವಾಷೆಡ್, ಕುಕೆಡ್. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಬಸ್ಸನ್ನೂ ‘ಬಸ್ಸು’ ಮಾಡಿಕೊಂಡವರು ನಾವು. ಎರಡು ವ್ಯಂಜನ ಒಟ್ಟಿಗೆ ಕೊನೆಗೆ ಬಂದರೆ ನಾಲಿಗೆ ತಾನಾಗಿ ನಡುವೆ ಒಂದು ಸ್ವರ ತೂರಿಸುತ್ತದೆ.

ಇದನ್ನು ಕಲಿಯಲು ಕಾಫಿ ಕೆಲಸಕ್ಕಿಂತ ಒಳ್ಳೆ ಪಾಠ ಇಲ್ಲ. ಗೆಸ್ಟುಗಳನ್ನು ತೋಟ ತೋರಿಸಲು ಕರೆದುಕೊಂಡು ಹೋಗುತ್ತೀರಲ್ವಾ, ಈ ಸಲದ ಕುಯ್ಲಿನಲ್ಲಿ ನೀವು ಮಾಡಿದ್ದನ್ನು ಸಾಲಾಗಿ ಹೇಳಿ. ಹಣ್ಣು ಕೊಯ್ದೆವು: ವಿ ಪಿಕ್ಟ್ ದ ಬೆರೀಸ್. ಸಿಪ್ಪೆ ತೆಗೆಯುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ ಹಾಕಿದೆವು: ವಿ ಪಲ್ಪ್ಟ್ ದೆಮ್. ತೊಳೆದೆವು: ವಿ ವಾಷ್ಟ್ ದೆಮ್. ಈ ಮೂರರ ಕೊನೆಯಲ್ಲೂ ಬರುವುದು ‘ಟ್’. ಯಾಕೆಂದರೆ ಕ್, ಪ್, ಷ್ ಎಲ್ಲಾ ಗಂಟಲು ನಡುಗದೆ ಬರುವ ಧ್ವನಿಗಳು. ಗಂಟಲಿಗೆ ಎರಡು ಬೆರಳು ಇಟ್ಟು ಸುಮ್ನೆ ‘ಷ್’ ಅನ್ನಿ, ಏನೂ ಅಲ್ಲಾಡುವುದಿಲ್ಲ. ಸ್, ಚ್, ಫ್ ಕೂಡ ಹಾಗೆಯೇ. ಇನ್ನು ಕಣದಲ್ಲಿ ಒಣಗಿಸಿದೆವು: ವಿ ಡ್ರೈಡ್ ದೆಮ್. ಚೀಲಕ್ಕೆ ತುಂಬುವ ಮೊದಲು ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ಹೆಂಗಸರನ್ನು ಕರೆದೆವು: ವಿ ಕಾಲ್ಡ್ ದ ವಿಮೆನ್. ಇಲ್ಲಿ ಸ್ವರವೂ ‘ಲ್’ ಕೂಡ ಗಂಟಲು ನಡುಗಿಸುವ ಧ್ವನಿ, ಹಾಗಾಗಿ ‘ಡ್’. ಕೊನೆಗೆ ಹುರಿದೆವು: ವಿ ರೋಸ್ಟೆಡ್ ದೆಮ್. ಇಲ್ಲಿ ಮಾತ್ರ ನಿಮ್ಮ ‘ಎಡ್’ಗೆ ಜಾಗ ಇದೆ. ಕ್ರಿಯಾಪದ ಟ ಅಥವಾ ಡ ಧ್ವನಿಯಲ್ಲಿ ಮುಗಿದರೆ ಮಾತ್ರ: ರೋಸ್ಟೆಡ್, ಪ್ಲಾಂಟೆಡ್, ವೇಟೆಡ್, ನೀಡೆಡ್.

ಹುರಿದ ಮೇಲೆ ಪುಡಿ ಮಾಡಿದೆವು, ಅಲ್ಲಿ ‘ಗ್ರೈಂಡೆಡ್’ ಅನ್ನಬೇಡಿ, ಅದು ‘ಗ್ರೌಂಡ್’. ಮಾರಿದೆವು, ಅದು ‘ಸೋಲ್ಡ್’. ಕುಡಿದೆವು, ಅದು ‘ಡ್ರ್ಯಾಂಕ್’. ನೋಡಿ, ಹಣ್ಣಿನಿಂದ ಲೋಟದವರೆಗೆ ಬರುವಷ್ಟರಲ್ಲಿ ಮೂರು ಉಚ್ಚಾರವೂ ಬಂದವು, ನಿಯಮ ಮುರಿಯುವವೂ ಬಂದವು.

ಈ ನಿಯಮ ಮುರಿಯುವ ಕ್ರಿಯಾಪದಗಳು ಇನ್ನೂರರ ಆಸುಪಾಸು ಇವೆ. ಹೆದರಬೇಡಿ. ದಿನಾ ಬೇಕಾಗುವವು ನಲವತ್ತೋ ಐವತ್ತೋ ಅಷ್ಟೇ, ಆದರೆ ಅವು ಬಿಡಲಾರದಂಥವು. ಗೋ, ಕಮ್, ಸೀ, ಸೇ, ಗೆಟ್, ಟೇಕ್, ಮೇಕ್, ಡೂ, ಹ್ಯಾವ್, ಬೀ, ಅಂದರೆ ಬಾಯಿ ತೆರೆದರೆ ಬರುವ ಪದಗಳೆಲ್ಲಾ ಇದೇ ಗುಂಪಿನವು. ಅಕಾರಾದಿ ಪಟ್ಟಿ ಬಾಯಿಪಾಠ ಮಾಡುವುದು ಶುದ್ಧ ದಂಡ. ಒಂದೇ ರಾಗದವನ್ನು ಒಟ್ಟಿಗೆ ಕಟ್ಟಿಕೊಳ್ಳಿ. ನಾವು ಕನ್ನಡವನ್ನು ಹಾಗೇ ತಾನೇ ಕಲಿತದ್ದು? ಕೊಡು ಕೊಟ್ಟ, ಬಿಡು ಬಿಟ್ಟ, ಇಡು ಇಟ್ಟ, ನೆಡು ನೆಟ್ಟ. ಬರು ಬಂದ, ತರು ತಂದ. ‘ಮಾಡು’ವಿಗೆ ‘ಮಾಟ್ಟ’ ಯಾಕಿಲ್ಲ ಅಂತ ನಾವು ಯಾರೂ ಕೇಳಲಿಲ್ಲ, ಯಾರೂ ಪಟ್ಟಿ ಕೊಡಲೂ ಇಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಇಂಥ ಕುಟುಂಬಗಳಿವೆ. ಸಿಂಗ್ ಸ್ಯಾಂಗ್, ರಿಂಗ್ ರ್ಯಾಂಗ್, ಡ್ರಿಂಕ್ ಡ್ರ್ಯಾಂಕ್. ಸ್ಲೀಪ್ ಸ್ಲೆಪ್ಟ್, ಕೀಪ್ ಕೆಪ್ಟ್, ಸ್ವೀಪ್ ಸ್ವೆಪ್ಟ್. ಬೈ ಬಾಟ್, ಬ್ರಿಂಗ್ ಬ್ರಾಟ್, ಟೀಚ್ ಟಾಟ್, ಥಿಂಕ್ ಥಾಟ್. ಇಲ್ಲಿ ‘ಬ್ರಿಂಗ್’ ನೋಡಲು ‘ಸಿಂಗ್’ ಮನೆಯವನಂತೆ ಕಂಡರೂ ‘ಬೈ’ ಮನೆಗೆ ಸೇರಿದವನು, ಅವನೊಬ್ಬನನ್ನು ನೆನಪಿಡಿ. ಕಟ್, ಪುಟ್, ಶಟ್ ಬದಲಾಗುವುದೇ ಇಲ್ಲ. ನಿನ್ನೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದು) ಮಾಡಿದರೂ ‘ಕಟ್’, ನಾಳೆ ಮಾಡಿದರೂ ‘ಕಟ್’.

‘ಗೋ’ಗೆ ‘ವೆಂಟ್’ ಎಲ್ಲಿಂದ ಬಂತು ಅಂತ ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. ಹಳೇ ಇಂಗ್ಲಿಷಿನಲ್ಲಿ ‘ಗೋ’ಗೆ ಬೇರೆಯೇ ಭೂತಕಾಲ ಇತ್ತು, ಅದು ಕಾಲಕ್ರಮದಲ್ಲಿ ಬಿದ್ದುಹೋಯಿತು. ಆ ಖಾಲಿ ಜಾಗಕ್ಕೆ ‘ವೆಂಡ್’ ಅನ್ನುವ ಇನ್ನೊಂದು ಕ್ರಿಯಾಪದದ ಭೂತಕಾಲ ಬಂದು ಕೂತಿತು. ಸೆಂಡ್ ಸೆಂಟ್, ಸ್ಪೆಂಡ್ ಸ್ಪೆಂಟ್, ವೆಂಡ್ ವೆಂಟ್. ಹಾಗೆ ನೋಡಿದರೆ ‘ವೆಂಟ್’ ಕೂಡ ಒಂದು ಕುಟುಂಬದ್ದೇ.

ಈಗ ನಿಮ್ಮ ಮೊದಲ ವಾಕ್ಯ, ‘ಐ ಡಿಡಂಟ್ ವೆಂಟ್’. ಇದನ್ನು ತಿದ್ದಲು ಇಂಗ್ಲಿಷ್ ನಿಯಮವೇ ಬೇಡ, ಕನ್ನಡ ಸಾಕು. ‘ಹೋದೆ’ಯನ್ನು ಇಲ್ಲ ಮಾಡಿ. ‘ಹೋಗಲಿಲ್ಲ’. ‘ಹೋದಲಿಲ್ಲ’ ಅಂತ ಯಾರೂ ಅನ್ನುವುದಿಲ್ಲ. ಬಂದೆ, ಬರಲಿಲ್ಲ. ಕೊಟ್ಟೆ, ಕೊಡಲಿಲ್ಲ. ಆಗಿಹೋದ ಕಾಲದ ಭಾರವನ್ನೆಲ್ಲಾ ‘ಲಿಲ್ಲ’ ಹೊತ್ತುಕೊಂಡಿತು, ಕ್ರಿಯಾಪದ ಹಗುರವಾಗಿ ತನ್ನ ಮೂಲಕ್ಕೆ ಹೋಯಿತು. ‘ಡಿಡಂಟ್’ ಮಾಡುವುದೂ ಅದೇ ಕೆಲಸ. ‘ಐ ಡಿಡಂಟ್ ಗೋ ಟು ದ ಮಾರ್ಕೆಟ್.’ ಇದನ್ನು ಒಮ್ಮೆ ಹೀಗೆ ಕಂಡುಕೊಂಡವರು ಮತ್ತೆ ‘ಡಿಡಂಟ್ ವೆಂಟ್’ ಅಂದದ್ದನ್ನು ನಾನು ಕೇಳಿದ್ದು ಕಡಿಮೆ.

ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ಕೈಕೊಡುತ್ತದೆ. ‘ಹೋದಿರಾ?’ ಅನ್ನುವಾಗ ನಮ್ಮಲ್ಲಿ ‘ಹೋದ’ ಹಾಗೇ ಉಳಿಯುತ್ತದೆ. ಅದಕ್ಕೇ ‘ಡಿಡ್ ಯೂ ವೆಂಟ್?’ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪ್ರಶ್ನೆಗಳನ್ನೇ ಬೇರೆಯಾಗಿ ಬಾಯಿಗೆ ಹತ್ತಿಸಿಕೊಳ್ಳಿ, ಹೇಗಿದ್ದರೂ ನಿಮ್ಮ ಕೆಲಸದಲ್ಲಿ ದಿನಾ ಕೇಳುವವೇ ಇವು: ಡಿಡ್ ಯೂ ಸ್ಲೀಪ್ ವೆಲ್? ಡಿಡ್ ಯೂ ಸೀ ದ ಫಾಲ್ಸ್? ಡಿಡ್ ಯೂ ಲೈಕ್ ದ ಕಡಂಬುಟ್ಟು? ‘ಯಾರು ಬಂದರು’ ಅನ್ನಲು ಮಾತ್ರ ‘ಡಿಡ್’ ಬೇಡ, ‘ಹೂ ಕೇಮ್?’ ಅಂದರೆ ಆಯಿತು.

ಎರಡನೇ ವಾಕ್ಯಕ್ಕೆ ಬರೋಣ. ‘ದ ಗೆಸ್ಟ್ಸ್ ಹ್ಯಾವ್ ಕಮ್’ ಅಂತ ನಿಲ್ಲಿಸಿದ್ದರೆ ತಪ್ಪಿಲ್ಲ. ಬಂದಿದ್ದಾರೆ, ಈಗ ಇಲ್ಲಿದ್ದಾರೆ. ಹಿಂದೆ ಆದದ್ದು ಈಗಿನದಕ್ಕೆ ಅಂಟಿಕೊಂಡಿದ್ದರೆ ‘ಹ್ಯಾವ್’. ಆದರೆ ನೀವು ‘ನಿನ್ನೆ ರಾತ್ರಿ’ ಸೇರಿಸಿದಿರಿ. ಮುಗಿದ ಸಮಯದ ಹೆಸರು ಹೇಳಿದ ಕೂಡಲೇ ಇಂಗ್ಲಿಷ್ ಆ ಅಂಟನ್ನು ಕತ್ತರಿಸುತ್ತದೆ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2018, ಟೂ ಡೇಸ್ ಅಗೋ, ಇವುಗಳ ಜೊತೆ ‘ಹ್ಯಾವ್’ ಕೂರುವುದಿಲ್ಲ. ಕನ್ನಡದಲ್ಲಿ ‘ನಿನ್ನೆ ರಾತ್ರಿ ಬಂದಿದ್ದಾರೆ’ ಅನ್ನುವುದು ಸಹಜ, ತಪ್ಪು ಹುಟ್ಟಿದ್ದು ಅಲ್ಲೇ. ಸರಿಯಾದದ್ದು: ‘ದ ಗೆಸ್ಟ್ಸ್ ಕೇಮ್ ಲಾಸ್ಟ್ ನೈಟ್.’ ‘ಯೆಸ್ಟರ್ಡೇ ನೈಟ್’ಗಿಂತ ‘ಲಾಸ್ಟ್ ನೈಟ್’ ಅನ್ನುವುದೇ ಅವರ ರೂಢಿ.

ಗೆಸ್ಟುಗಳ ಜೊತೆ ಮಾತು ಶುರು ಮಾಡಲು ಒಂದು ಒಳ್ಳೆ ಜೋಡಿ ಹೇಳಿಕೊಡುತ್ತೇನೆ. ಮೊದಲು ‘ಹ್ಯಾವ್ ಯೂ ಬೀನ್ ಟು ತಲಕಾವೇರಿ?’ ಅಂತ ಕೇಳಿ. ಯಾವಾಗ ಅಂತ ಇಲ್ಲ, ಇಷ್ಟರವರೆಗೆ ಯಾವತ್ತಾದರೂ ಹೋಗಿದ್ದೀರಾ ಅಂತ. ಅವರು ಹೌದು ಅಂದರೆ ತಕ್ಷಣ ‘ಡಿಡ್’ಗೆ ಇಳಿಯಿರಿ: ‘ವೆನ್ ಡಿಡ್ ಯೂ ಗೋ?’ ಅವರು ‘ವಿ ವೆಂಟ್ ಲಾಸ್ಟ್ ಅಕ್ಟೋಬರ್’ ಅಂದರೆ, ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಬಂದಿದ್ದಿರಾ ಅಂತ ಮಾತು ಮುಂದುವರಿಸಬಹುದು. ಬಾಗಿಲು ತೆರೆಯುವುದು ‘ಹ್ಯಾವ್’, ಒಳಗೆ ಹೋದ ಮೇಲೆ ‘ಡಿಡ್’. ಇಲ್ಲಿ ‘ಬೀನ್’ ಜಾಗಕ್ಕೆ ‘ಗಾನ್’ ತರಬೇಡಿ. ‘ಹೀ ಹ್ಯಾಸ್ ಗಾನ್ ಟು ವಿರಾಜಪೇಟೆ’ ಅಂದರೆ ಹೋದವನು ಇನ್ನೂ ವಾಪಸ್ ಬಂದಿಲ್ಲ. ‘ಹೀ ಹ್ಯಾಸ್ ಬೀನ್ ಟು ವಿರಾಜಪೇಟೆ’ ಅಂದರೆ ಹೋಗಿ ಬಂದಿದ್ದಾನೆ. ಎದುರಿಗೆ ಕೂತವರನ್ನು ‘ಹ್ಯಾವ್ ಯೂ ಗಾನ್’ ಅಂತ ಕೇಳಿದರೆ ಅರ್ಥ ಕೂಡುವುದಿಲ್ಲ, ಅವರು ಇಲ್ಲೇ ಇದ್ದಾರಲ್ಲ.

ಮೂರನೆಯದು, ನಡೆದುಕೊಂಡು ಶಾಲೆಗೆ ಹೋಗುತ್ತಿದ್ದ ಮಾತು. ನಮ್ಮ ‘ಹೋಗುತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. ‘ನಾನು ಹೋಗುತ್ತಿದ್ದೆ, ಆನೆ ಅಡ್ಡ ಬಂತು’, ಇದು ಒಂದು ಹೊತ್ತಿನ ಮಾತು, ಇಲ್ಲಿ ‘ಐ ವಾಸ್ ಗೋಯಿಂಗ್’ ಸರಿ. ‘ಚಿಕ್ಕಂದಿನಲ್ಲಿ ದಿನಾ ಹೋಗುತ್ತಿದ್ದೆ’, ಇದು ಬಿಟ್ಟುಹೋದ ರೂಢಿ, ಇದಕ್ಕೆ ‘ಯೂಸ್ಡ್ ಟು’. ಹೇಳುವಾಗ ಅದು ‘ಯೂಸ್‌ಟು’ ಅಂತ ಒಂದೇ ಪದದ ಹಾಗೆ ಬರಲಿ. ‘ಆ್ಯಸ್ ಎ ಚೈಲ್ಡ್, ಐ ಯೂಸ್ಡ್ ಟು ವಾಕ್ ಟು ಸ್ಕೂಲ್.’ ‘ವಾಕ್’ ಅಂದಮೇಲೆ ‘ಬೈ ವಾಕ್’ ಬೇಕಿಲ್ಲ.

ನಾಲ್ಕನೆಯದಕ್ಕೆ ಒಂದು ‘ವಾಸ್’ ಸೇರಿಸಿ: ‘ಐ ವಾಸ್ ಬಾರ್ನ್ ಇನ್ ನಾಪೋಕ್ಲು.’ ಇಂಗ್ಲಿಷಿನಲ್ಲಿ ಹುಟ್ಟುವುದು ನಾವು ಮಾಡುವ ಕೆಲಸ ಅಲ್ಲ, ತಾಯಿ ಹೆತ್ತದ್ದು, ನಾವು ಹೆರಲ್ಪಟ್ಟವರು. ಈ ನಾಲ್ಕು ವಾಕ್ಯದ ಪಾಠವನ್ನು ನಮ್ಮ ಕಾರ್ಯಪ್ಪನವರ ಮೇಲೆ ಹಾಕಿ ನೋಡಬಹುದು. ‘ಕಾರ್ಯಪ್ಪ ವಾಸ್ ಬಾರ್ನ್ ಇನ್ 1899. ಹೀ ಬಿಕೇಮ್ ದ ಫಸ್ಟ್ ಇಂಡಿಯನ್ ಕಮಾಂಡರ್ ಇನ್ ಚೀಫ್ ಆಫ್ ದ ಆರ್ಮಿ ಇನ್ 1949.’ ವರ್ಷ ಇದೆ, ಹಾಗಾಗಿ ಸಿಂಪಲ್ ಪಾಸ್ಟ್. ‘ಕೊಡಗು ಹ್ಯಾಸ್ ಗಿವನ್ ಮೆನಿ ಆಫೀಸರ್ಸ್ ಟು ದ ಆರ್ಮಿ.’ ಇದು ಮುಗಿದಿಲ್ಲ, ಇವತ್ತಿಗೂ ನಡೆದಿದೆ, ಹಾಗಾಗಿ ‘ಹ್ಯಾಸ್’.

ನೀವು ಕೇಳದ ಒಂದು ಮಾತು. ಗೆಸ್ಟ್ ಕರೆದಾಗ ನಾವು ‘ಬಂದೆ, ಬಂದೆ’ ಅನ್ನುತ್ತೇವೆ. ಇನ್ನೂ ಎದ್ದಿರುವುದೂ ಇಲ್ಲ. ಅದು ಭೂತಕಾಲದ ರೂಪ, ಅರ್ಥ ಮಾತ್ರ ‘ಈಗ ಬರುತ್ತೇನೆ’. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಕಮಿಂಗ್’ ಅನ್ನಿ. ‘ಮಳೆ ಬಂದರೆ’ಯಲ್ಲೂ ‘ಬಂದ’ ಇದೆ, ಅಲ್ಲೂ ಮೋಸ ಹೋಗಬೇಡಿ: ನಾಳೆ ಮಳೆ ಬಂದರೆ ಅನ್ನಲು ‘ಇಫ್ ಇಟ್ ರೇನ್ಸ್ ಟುಮಾರೋ’.

ಅಭ್ಯಾಸಕ್ಕೆ ಹೊಸ ಪುಸ್ತಕ ಕೊಳ್ಳಬೇಡಿ. ನಮ್ಮ ಕಡೆ ತೋಟ ಇರುವ ಮನೆಗಳಲ್ಲಿ ರೈನ್ ಗೇಜ್ ಇಟ್ಟು, ಬೆಳಿಗ್ಗೆ ಎದ್ದು ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಅಂತ ಬರೆದಿಡುವ ರೂಢಿ ಇದೆಯಲ್ಲ. ನೀವಿರುವ ಮನೆಯಲ್ಲಿ ಇದ್ದರೆ ಆ ಮಳೆ ಲೆಕ್ಕದ ಪಕ್ಕದಲ್ಲೇ, ಇಲ್ಲದಿದ್ದರೆ ಒಂದು ಹಳೇ ಡೈರಿಯಲ್ಲಿ, ದಿನಕ್ಕೆ ಮೂರು ವಾಕ್ಯ ಬರೆಯಿರಿ. ಒಂದು ಆದದ್ದು. ಒಂದು ಆಗದ್ದು, ಅದಕ್ಕೆ ‘ಡಿಡಂಟ್’ ಬರಲೇಬೇಕು. ಒಂದು ಕೇಳಿದ ಪ್ರಶ್ನೆ. ಬರೆದ ಮೇಲೆ ಜೋರಾಗಿ ಓದಿ, ಇ-ಡಿ ಬಂದ ಕಡೆ ಟ್ ಆ, ಡ್ ಆ, ಎಡ್ ಆ ಅಂತ ಗಂಟಲು ಮುಟ್ಟಿ ನೋಡಿ. ಮೂರು ತಿಂಗಳಾದ ಮೇಲೆ ವಾರಕ್ಕೆ ಒಂದು ‘ಹ್ಯಾಡ್’ ವಾಕ್ಯ ಸೇರಿಸಿ, ಅದರಲ್ಲಿ ಎರಡು ಘಟನೆ ಇದೆಯಾ ಅಂತ ಎಣಿಸಿ.

ಮೊದಲ ದಿನದ್ದು ಹೀಗಿದ್ದರೆ ಸಾಕು: ‘ಇಟ್ ರೇನ್ಡ್ ಟೂ ಇಂಚಸ್ ಲಾಸ್ಟ್ ನೈಟ್. ದ ಪವರ್ ಡಿಡಂಟ್ ಕಮ್ ಬ್ಯಾಕ್. ಡಿಡ್ ದ ಗೆಸ್ಟ್ಸ್ ಸ್ಲೀಪ್ ವೆಲ್?’